ದಾಸ್ತಾನು ವಹಿಯಿಂದ ತಂತ್ರಾಂಶಕ್ಕೆ: ಗಣಕಯಂತ್ರ ಆಸ್ತಿಗಳ ದತ್ತಾಂಶ ಆಮದು ಮತ್ತು ತಾಳೆ

ಗ್ರಾಮ ಪಂಚಾಯಿತಿಯ ದಾಸ್ತಾನು ವಹಿಯಲ್ಲಿ ಗಣಕಯಂತ್ರಕ್ಕೆ ದೊರೆಯುವುದು ಬಹುತೇಕ ಒಂದೇ ಸಾಲು: ‘ಕಂಪ್ಯೂಟರ್ ಸೆಟ್ – 1’. ಮುಂದಿನ ಕಾಲಂಗಳಲ್ಲಿ ಬಿಲ್ಲಿನ ಸಂಖ್ಯೆ, ದಿನಾಂಕ ಮತ್ತು ಮೊತ್ತ. ಆ ‘ಸೆಟ್’ ಎಂಬ ಪದದೊಳಗೆ ಸಿಪಿಯು, ಮಾನಿಟರ್, ಯುಪಿಎಸ್, ಪ್ರಿಂಟರ್ ಎಂಬ ನಾಲ್ಕು ಪ್ರತ್ಯೇಕ ವಸ್ತುಗಳಿವೆ. ನಾಲ್ಕಾರು ವರ್ಷಗಳಲ್ಲಿ ಯುಪಿಎಸ್ ದುರಸ್ತಿಗೆ ಹೋಗಿರುತ್ತದೆ, ಮಾನಿಟರ್ ಅರಿವು ಕೇಂದ್ರದ ಮೇಜಿನ ಮೇಲಿರುತ್ತದೆ, ಪ್ರಿಂಟರ್ ಬದಲಾಗಿರುತ್ತದೆ. ವಹಿಯ ಸಾಲು ಮಾತ್ರ ಹಾಗೆಯೇ ಉಳಿದಿರುತ್ತದೆ. ಈ ವ್ಯತ್ಯಾಸ ಯಾರ ಗಮನಕ್ಕೂ ಬಾರದೆ ವರ್ಷಗಟ್ಟಲೆ ಸಾಗಬಹುದು. ಅದು ಬೆಳಕಿಗೆ ಬರುವುದು ಲೆಕ್ಕಪರಿಶೋಧನಾ ತಂಡ ಭೌತಿಕ ಪರಿಶೀಲನೆ ಕೈಗೊಂಡಾಗ, ಇಲ್ಲವೇ ವರ್ಗಾವಣೆಗೊಂಡ ಅಧಿಕಾರಿ ಪ್ರಭಾರ ಪಟ್ಟಿಗೆ ಸಹಿ ಮಾಡಬೇಕಾದಾಗ. ಆಗ ಉತ್ತರ ಹೇಳಬೇಕಾದವರು ವಸ್ತುವನ್ನು ಖರೀದಿಸಿದವರಲ್ಲ, ಆ ದಿನ ಕುರ್ಚಿಯಲ್ಲಿರುವವರು.

ಇದಕ್ಕೆ ಪರಿಹಾರವಾಗಿ ಐಟಿ ಆಸ್ತಿ ನಿರ್ವಹಣಾ ತಂತ್ರಾಂಶಗಳನ್ನು ಬಳಸಬಹುದು. ಜಿಎಲ್‌ಪಿಐ ಹಾಗೂ ಸ್ನೈಪ್-ಐಟಿ ಎಂಬ ಎರಡು ಮುಕ್ತ ತಂತ್ರಾಂಶಗಳು ಈ ಕ್ಷೇತ್ರದಲ್ಲಿ ವ್ಯಾಪಕ ಬಳಕೆಯಲ್ಲಿದ್ದು, ಸ್ವಂತ ಸರ್ವರ್‌ನಲ್ಲಿ ಅಳವಡಿಸಿಕೊಂಡರೆ ಇವುಗಳಿಗೆ ಪರವಾನಗಿ ಶುಲ್ಕವಿಲ್ಲ. ಸ್ನೈಪ್-ಐಟಿಯು ಮುಖ್ಯವಾಗಿ ‘ಯಾವ ವಸ್ತು ಯಾರ ವಶದಲ್ಲಿದೆ’ ಎಂಬುದನ್ನು ದಾಖಲಿಸುತ್ತದೆ. ಯಂತ್ರಗಳನ್ನು ತಾನಾಗಿ ಹುಡುಕಿ ಓದುವ ವ್ಯವಸ್ಥೆ ಅದರಲ್ಲಿಲ್ಲ. ಜಿಎಲ್‌ಪಿಐನಲ್ಲಿ ಪ್ರತಿ ಯಂತ್ರದೊಳಗೆ ಏಜೆಂಟ್ ಎಂಬ ಚಿಕ್ಕ ತಂತ್ರಾಂಶವನ್ನು ಕೂರಿಸಿದರೆ, ಅದು ಪ್ರೊಸೆಸರ್, ಮೆಮೊರಿ, ಡಿಸ್ಕ್, ಆಪರೇಟಿಂಗ್ ಸಿಸ್ಟಂ, ಸೀರಿಯಲ್ ಸಂಖ್ಯೆ ಮುಂತಾದ ವಿವರಗಳನ್ನು ತಾನೇ ಓದಿ ಸರ್ವರ್‌ಗೆ ಕಳುಹಿಸುತ್ತದೆ.

ಈ ಲೇಖನದ ವಿಷಯ ತಂತ್ರಾಂಶದ ಆಯ್ಕೆಯಲ್ಲ. ಯಾವುದನ್ನು ಆರಿಸಿಕೊಂಡರೂ ತಪ್ಪದ ಎರಡು ಕಾರ್ಯಗಳು. ಇರುವ ಪಟ್ಟಿಯನ್ನು ಒಮ್ಮೆಗೆ ಒಳಗೆ ತರುವುದು ಆಮದು. ಅನಂತರ ಬೇರೆ ಬೇರೆ ಮೂಲಗಳಿಂದ ಬರುವ ಮಾಹಿತಿಯೊಂದಿಗೆ ಆ ಪಟ್ಟಿಯನ್ನು ನಿರಂತರವಾಗಿ ಸರಿಹೊಂದಿಸುತ್ತಿರುವುದು ಸಿಂಕ್, ಅಂದರೆ ನಮ್ಮ ಕಚೇರಿ ಭಾಷೆಯ ತಾಳೆ. ಆಮದು ಒಂದೆರಡು ದಿನಗಳಲ್ಲಿ ಮುಗಿಯುವ ಕೆಲಸ. ತಾಳೆಯಲ್ಲಿ ಪ್ರತಿಯೊಂದು ಕಾಲಂಗೂ ‘ಇಲ್ಲಿ ಯಾರ ಮಾತು ಅಂತಿಮ’ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರವನ್ನು ಆಮದಿಗೆ ಮೊದಲೇ ನಿರ್ಧರಿಸಿಕೊಳ್ಳದಿದ್ದರೆ ತಂತ್ರಾಂಶವೇ ತನ್ನ ಮೂಲ ಹೊಂದಿಕೆಗಳ ಪ್ರಕಾರ ನಿರ್ಧರಿಸುತ್ತದೆ, ಮತ್ತು ಅದನ್ನು ನಮಗೆ ತಿಳಿಸುವುದಿಲ್ಲ.

ಯಂತ್ರದ ಗುರುತು

ತಂತ್ರಾಂಶದ ದೃಷ್ಟಿಯಲ್ಲಿ ಎರಡು ಸಾಲುಗಳು ಒಂದೇ ಯಂತ್ರವೋ ಬೇರೆ ಬೇರೆಯೋ ಎಂಬುದು ಗುರುತಿನ ಕಾಲಂ ಒಂದರಿಂದಲೇ ತೀರ್ಮಾನವಾಗುತ್ತದೆ. ಸ್ನೈಪ್-ಐಟಿಯ ಆಮದಿನಲ್ಲಿ ಆ ಸ್ಥಾನ ಅಸೆಟ್ ಟ್ಯಾಗ್‌ಗೆ, ಅಂದರೆ ನಾವೇ ನೀಡುವ ಆಸ್ತಿ ಸಂಖ್ಯೆಗೆ ಸಲ್ಲುತ್ತದೆ. ಕಡತದಲ್ಲಿನ ಟ್ಯಾಗ್ ಈಗಾಗಲೇ ಪಟ್ಟಿಯಲ್ಲಿದ್ದರೆ ಆ ಸಾಲನ್ನು ಅದು ಬಿಟ್ಟುಬಿಡುತ್ತದೆ. ‘ಇರುವ ದಾಖಲೆಗಳನ್ನು ಪರಿಷ್ಕರಿಸು’ ಎಂಬ ಆಯ್ಕೆಗೆ ಗುರುತು ಹಾಕಿದ್ದಲ್ಲಿ ಮಾತ್ರ ಹಳೆಯ ದಾಖಲೆಯನ್ನು ತಿದ್ದುತ್ತದೆ. ಟ್ಯಾಗ್ ಕಾಲಂ ಅನ್ನು ಖಾಲಿ ಬಿಟ್ಟು ತಂತ್ರಾಂಶವೇ ಸಂಖ್ಯೆ ಕೊಟ್ಟುಕೊಳ್ಳಲಿ ಎಂದು ಬಿಡುವುದು ಸುಲಭವೆನಿಸಬಹುದು. ಆದರೆ ಅದೇ ಕಡತವನ್ನು ಇನ್ನೊಮ್ಮೆ ಏರಿಸಿದಾಗ ಅದೇ ಯಂತ್ರಗಳು ಹೊಸ ಸಂಖ್ಯೆಯೊಂದಿಗೆ ಎರಡನೆಯ ಬಾರಿ ಪಟ್ಟಿಗೆ ಸೇರುತ್ತವೆ. ಕೊಠಡಿಯಲ್ಲಿ ಆರು ಯಂತ್ರ, ಪಟ್ಟಿಯಲ್ಲಿ ಏಳು ಎಂಬ ಸ್ಥಿತಿ ಉಂಟಾಗುವುದು ಹೀಗೆಯೇ. ಎಂದೂ ಇರದಿದ್ದ ಏಳನೆಯ ಯಂತ್ರಕ್ಕಾಗಿ ಡೇಟಾ ಎಂಟ್ರಿ ಆಪರೇಟರ್ ಒಬ್ಬರು ವಿವರಣೆ ಬರೆದುಕೊಡಬೇಕಾದ ಪ್ರಮೇಯ ಬಂದರೆ ಅದು ತಂತ್ರಾಂಶದ ದೋಷವೆಂದು ಯಾರೂ ಒಪ್ಪುವುದಿಲ್ಲ.

ಆದುದರಿಂದ ಆಸ್ತಿ ಸಂಖ್ಯೆಯನ್ನು ಮೊದಲು ರಚಿಸಿ, ಯಂತ್ರದ ಮೇಲೆ ಅಂಟಿಸಿ, ಬಳಿಕವೇ ಕಡತ ಸಿದ್ಧಪಡಿಸುವುದು ಸೂಕ್ತ. ಸಂಖ್ಯೆಯಲ್ಲಿ ಪಂಚಾಯಿತಿಯ ಹೆಸರಿಗಿಂತ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಡೈರೆಕ್ಟರಿಯ ಕೋಡ್, ಅಂದರೆ ಎಲ್‌ಜಿಡಿ ಕೋಡ್ ಬಳಸುವುದು ಕ್ಷೇಮ. ಹೊಸಹಳ್ಳಿ, ರಾಂಪುರ, ಹೊಸೂರು ಎಂಬ ಹೆಸರುಗಳು ಒಂದೇ ಜಿಲ್ಲೆಯಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಇರಬಹುದು. ಸಾಲದ್ದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಊರನ್ನು ಮೂರು ವಿಧವಾಗಿ ಬರೆಯುತ್ತೇವೆ. ಎಲ್‌ಜಿಡಿ ಕೋಡ್‌ಗೆ ಈ ತೊಡಕಿಲ್ಲ. ಗ್ರಾಮದ ಕೋಡ್ ಬೇರೆ, ಗ್ರಾಮ ಪಂಚಾಯಿತಿಯ ಕೋಡ್ ಬೇರೆ ಎಂಬುದನ್ನು ಮಾತ್ರ ಗಮನಿಸಬೇಕು. ಕೋಡ್, ಅಡ್ಡಗೆರೆ, ವಸ್ತುವಿನ ಬಗೆಯನ್ನು ಸೂಚಿಸುವ ಎರಡು ಇಂಗ್ಲಿಷ್ ಅಕ್ಷರ, ಮತ್ತೊಂದು ಅಡ್ಡಗೆರೆ, ಮೂರಂಕಿಯ ಕ್ರಮಸಂಖ್ಯೆ: ಇಷ್ಟು ಸಾಕು. ಕೊಠಡಿ, ಬಳಕೆದಾರರ ಹೆಸರು, ಯೋಜನೆಯ ಹೆಸರುಗಳನ್ನು ಸಂಖ್ಯೆಯೊಳಗೆ ಸೇರಿಸಬಾರದು. ಇವು ಬದಲಾಗುವಂಥವು; ಗುರುತಿನ ಸಂಖ್ಯೆ ಬದಲಾಗಬಾರದು.

ಈ ವಿನ್ಯಾಸಕ್ಕೆ ಇನ್ನೊಂದು ಅನುಕೂಲವೂ ಇದೆ. ವಿಂಡೋಸ್‌ನಲ್ಲಿ ಗಣಕಯಂತ್ರದ ಹೆಸರು ಹದಿನೈದು ಅಕ್ಷರಗಳನ್ನು ಮೀರುವಂತಿಲ್ಲ, ಬರೀ ಅಂಕಿಗಳಿಂದ ಕೂಡಿರುವಂತಿಲ್ಲ, ಓರೆಗೆರೆ ಬಳಸುವಂತಿಲ್ಲ. ಮೇಲಿನ ಮಾದರಿಯ ಸಂಖ್ಯೆ ಈ ಮೂರು ನಿಬಂಧನೆಗಳಿಗೂ ಒಳಪಡುವುದರಿಂದ ಅದನ್ನೇ ಯಂತ್ರದ ಹೆಸರಾಗಿಯೂ ಇಡಬಹುದು. ಆಗ ಪೆಟ್ಟಿಗೆಯ ಮೇಲಿನ ಚೀಟಿ, ತೆರೆಯ ಮೇಲಿನ ಹೆಸರು, ಪಟ್ಟಿಯಲ್ಲಿನ ಸಾಲು ಮೂರೂ ಒಂದೇ ಆಗಿರುತ್ತವೆ.

ಇನ್ನು ತಯಾರಕರು ನೀಡುವ ಸೀರಿಯಲ್ ಸಂಖ್ಯೆ. ಇದನ್ನು ಚೀಟಿಯಿಂದ ಕಣ್ಣಿನಲ್ಲಿ ಓದಿ ಬರೆಯುವಾಗ ಸೊನ್ನೆ ಮತ್ತು ‘ಓ’, ಒಂದು ಮತ್ತು ‘ಐ’, ಎಂಟು ಮತ್ತು ‘ಬಿ’ ಅದಲುಬದಲಾಗುತ್ತವೆ. ಎಚ್‌ಪಿ ಯಂತ್ರಗಳ ಚೀಟಿಯಲ್ಲಿ ಪ್ರಾಡಕ್ಟ್ ನಂಬರ್ ಹಾಗೂ ಸೀರಿಯಲ್ ನಂಬರ್ ಎರಡೂ ಇರುತ್ತವೆ. ಮೊದಲನೆಯದು ಮಾದರಿಯ ಸಂಖ್ಯೆಯಾದುದರಿಂದ ಒಟ್ಟಿಗೆ ಖರೀದಿಸಿದ ಒಂದೇ ಮಾದರಿಯ ಎಲ್ಲ ಯಂತ್ರಗಳಲ್ಲೂ ಒಂದೇ ಆಗಿರುತ್ತದೆ. ಹತ್ತು ಯಂತ್ರಗಳ ಪಟ್ಟಿಯಲ್ಲಿ ಹತ್ತಕ್ಕೂ ಒಂದೇ ‘ಸೀರಿಯಲ್’ ಕಂಡುಬಂದರೆ ಮೊದಲು ಶಂಕಿಸಬೇಕಾದುದು ಇದನ್ನು. ಡೆಲ್ ಯಂತ್ರಗಳಲ್ಲಿ ಏಳು ಅಕ್ಷರಗಳ ಸರ್ವಿಸ್ ಟ್ಯಾಗ್ ಎಂಬುದೇ ಸೀರಿಯಲ್ ಸಂಖ್ಯೆ.

ಸ್ಥಳೀಯವಾಗಿ ಜೋಡಿಸಿದ ಯಂತ್ರಗಳ ವಿಷಯ ಹೆಚ್ಚು ತೊಡಕಿನದು. ಜೋಡಿಸಿದವರು ಮದರ್‌ಬೋರ್ಡಿನಲ್ಲಿ ಸಂಖ್ಯೆಯನ್ನು ತುಂಬಿರುವುದಿಲ್ಲ. ಏಜೆಂಟ್ ಅದನ್ನು ಓದಲು ಹೋದಾಗ ‘ಟು ಬಿ ಫಿಲ್ಡ್ ಬೈ ಒ.ಇ.ಎಂ.’ ಅಥವಾ ‘ಡಿಫಾಲ್ಟ್ ಸ್ಟ್ರಿಂಗ್’ ಎಂಬ ಪದಗಳೇ ಸೀರಿಯಲ್ ಸಂಖ್ಯೆಯ ಸ್ಥಾನದಲ್ಲಿ ದೊರೆಯುತ್ತವೆ. ಸೀರಿಯಲ್ ಸಂಖ್ಯೆಯನ್ನೇ ಗುರುತಾಗಿ ನಂಬಿದ ತಂತ್ರಾಂಶಕ್ಕೆ ಇಂತಹ ಐದು ಯಂತ್ರಗಳೂ ಒಂದೇ ಯಂತ್ರವಾಗಿ ಕಾಣುತ್ತವೆ. ಇಂದು ವರದಿ ಮಾಡಿದ ಯಂತ್ರ ನಿನ್ನೆಯ ಯಂತ್ರದ ವಿವರವನ್ನು ಅಳಿಸಿ ತನ್ನದನ್ನು ಬರೆಯುತ್ತದೆ, ನಾಳೆ ಇನ್ನೊಂದು. ಪಟ್ಟಿಯಲ್ಲಿ ಒಂದೇ ಸಾಲು, ಅದೂ ದಿನಕ್ಕೊಂದು ಬಣ್ಣ. ಜಿಎಲ್‌ಪಿಐನಲ್ಲಿ ಇಂತಹ ಅರ್ಥವಿಲ್ಲದ ಮೌಲ್ಯಗಳನ್ನು ತಿರಸ್ಕರಿಸುವ ಕಪ್ಪುಪಟ್ಟಿಯೊಂದಿದ್ದು, ಸಾಮಾನ್ಯವಾದವು ಅದರಲ್ಲಿ ಮೊದಲೇ ಇರುತ್ತವೆ, ಹೊಸದನ್ನು ನಾವೂ ಸೇರಿಸಬಹುದು. ತಿರಸ್ಕೃತವಾದ ಮೇಲೆ ಅದು ಇತರ ಗುರುತುಗಳನ್ನು ನೋಡುತ್ತದೆ. ನೆಟ್‌ವರ್ಕ್ ಕಾರ್ಡಿನ ವಿಳಾಸವನ್ನು ನೆಚ್ಚುವಂತಿಲ್ಲ, ಏಕೆಂದರೆ ಯುಎಸ್‌ಬಿ ವೈಫೈ ಸಾಧನ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಯಂತ್ರದ ಹೆಸರನ್ನು ಆಸ್ತಿ ಸಂಖ್ಯೆಯೇ ಆಗಿಸಿರಿ ಎಂದು ಮೇಲೆ ಹೇಳಿದ್ದರ ಪೂರ್ಣ ಪ್ರಯೋಜನ ದೊರೆಯುವುದು ಇಲ್ಲಿ.

ಎಕ್ಸೆಲ್ ಸದ್ದಿಲ್ಲದೆ ಮಾಡುವ ತಿದ್ದುಪಡಿಗಳು

ಆಮದಿನ ಕಡತ ಸಿಎಸ್‌ವಿ ರೂಪದ್ದು, ಅಂದರೆ ಅಲ್ಪವಿರಾಮಗಳಿಂದ ಬೇರ್ಪಟ್ಟ ಸರಳ ಪಠ್ಯ. ಅದನ್ನು ನಾವು ಸಿದ್ಧಪಡಿಸುವುದು ಎಕ್ಸೆಲ್‌ನಲ್ಲಿ. ಎಕ್ಸೆಲ್ ಲೆಕ್ಕ ಮಾಡಲೆಂದು ಹುಟ್ಟಿದ್ದು; ತನಗೆ ಕೊಟ್ಟದ್ದೆಲ್ಲ ಸಂಖ್ಯೆ ಅಥವಾ ದಿನಾಂಕವಿರಬಹುದೆಂದೇ ಅದು ಭಾವಿಸುತ್ತದೆ. 00471 ಎಂದು ಟೈಪ್ ಮಾಡಿದರೆ 471 ಉಳಿಯುತ್ತದೆ. ಹದಿನೈದಕ್ಕಿಂತ ಹೆಚ್ಚು ಅಂಕಿಗಳಿರುವ ಸೀರಿಯಲ್ ಸಂಖ್ಯೆಯಲ್ಲಿ ಹದಿನಾರನೆಯ ಅಂಕಿಯಿಂದ ಮುಂದಕ್ಕೆಲ್ಲ ಸೊನ್ನೆಯಾಗುತ್ತದೆ. ನಡುವೆ ‘ಇ’ ಎಂಬ ಇಂಗ್ಲಿಷ್ ಅಕ್ಷರವಿದ್ದು ಎರಡು ಬದಿಗೂ ಅಂಕಿಗಳೇ ಇದ್ದರೆ, ಆ ಸೀರಿಯಲ್ ಸಂಖ್ಯೆಯನ್ನು ಹತ್ತರ ಘಾತವೆಂದು ತಿಳಿದು ವಿಜ್ಞಾನದ ಪುಸ್ತಕದ ರೂಪಕ್ಕೆ ಪರಿವರ್ತಿಸಿಬಿಡುತ್ತದೆ. ಸಿಎಸ್‌ವಿಯಾಗಿ ಉಳಿಸಿದ ಬಳಿಕ ಮೂಲ ಸಂಖ್ಯೆಯನ್ನು ಮರಳಿ ಪಡೆಯಲು ದಾರಿಯಿಲ್ಲ. ಟೈಪ್ ಮಾಡುವುದಕ್ಕೆ ಮುನ್ನವೇ ಇಡೀ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ನಿಗದಿಪಡಿಸತಕ್ಕದ್ದು. ಉಳಿಸಿದ ಸಿಎಸ್‌ವಿಯನ್ನು ಪರಿಶೀಲನೆಗಾಗಿ ಮತ್ತೆ ಎಕ್ಸೆಲ್‌ನಲ್ಲಿ ತೆರೆಯಬಾರದು; ತೆರೆದು ಉಳಿಸಿದರೆ ಅದೇ ತಿದ್ದುಪಡಿಗಳು ಮರುಕಳಿಸುತ್ತವೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡುವುದು ಲೇಸು.

ದಿನಾಂಕದ ವಿಷಯದಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇದೆ. ಗಣಕಯಂತ್ರದ ಪ್ರಾದೇಶಿಕ ಹೊಂದಿಕೆ ಅಮೆರಿಕದ ಪದ್ಧತಿಯಲ್ಲಿದ್ದರೆ 05-04-2023 ಎಂಬುದನ್ನು ಅದು ಏಪ್ರಿಲ್ ಐದರ ಬದಲು ಮೇ ನಾಲ್ಕು ಎಂದು ಓದುತ್ತದೆ. 25-04-2023ನ್ನು ಹಾಗೆ ಓದಲು ಬಾರದು, ಇಪ್ಪತ್ತೈದನೆಯ ತಿಂಗಳೆಂಬುದಿಲ್ಲ. ಆದುದರಿಂದ ಅದನ್ನು ಪಠ್ಯವಾಗಿ ಬಿಟ್ಟುಬಿಡುತ್ತದೆ. ಪರಿಣಾಮವಾಗಿ ಅರ್ಧ ದಿನಾಂಕಗಳು ತಪ್ಪಾಗಿಯೂ ಇನ್ನರ್ಧ ಸರಿಯಾಗಿಯೂ ಕಾಣುತ್ತವೆ, ಮೇಲ್ನೋಟಕ್ಕೆ ಏನೂ ಅನುಮಾನ ಬಾರದು. ಖಾತರಿ ಅವಧಿ ಲೆಕ್ಕವಾಗುವುದು ಇದೇ ದಿನಾಂಕದಿಂದ. ಖಾತರಿ ಮುಗಿಯಿತೆಂದು ಪಟ್ಟಿ ತೋರಿಸಿದ ಯಂತ್ರಕ್ಕೆ ಪಂಚಾಯಿತಿಯ ನಿಧಿಯಿಂದ ದುರಸ್ತಿ ವೆಚ್ಚ ಭರಿಸಿ, ಅನಂತರ ಬಿಲ್ಲು ತೆಗೆದು ನೋಡಿದಾಗ ಇನ್ನೂ ಹತ್ತು ದಿನ ಬಾಕಿಯಿತ್ತೆಂದು ತಿಳಿದರೆ ಅದು ಆಕ್ಷೇಪಣೆಗೆ ಗುರಿಯಾಗುವ ವೆಚ್ಚವೇ ಸರಿ. ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ, 2023-04-05 ಎಂದು ಪಠ್ಯವಾಗಿಯೇ ನಮೂದಿಸಿದರೆ ಈ ಗೊಂದಲವಿಲ್ಲ. ಸ್ನೈಪ್-ಐಟಿ ಅಪೇಕ್ಷಿಸುವುದೂ ಇದೇ ಕ್ರಮವನ್ನು.

ಕನ್ನಡದಲ್ಲಿ ಬರೆದ ವಿವರಗಳಿದ್ದಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ಹಳೆಯ ನುಡಿ ಫಾಂಟ್‌ನಲ್ಲಿ, ಯುನಿಕೋಡ್ ಅಲ್ಲದ ರೂಪದಲ್ಲಿ ಟೈಪ್ ಮಾಡಿದ ಪಟ್ಟಿಗಳು ನಮ್ಮ ಕಚೇರಿಗಳಲ್ಲಿ ಇನ್ನೂ ಹೇರಳವಾಗಿವೆ. ಆ ಫಾಂಟ್ ಇರುವವರೆಗೆ ಮಾತ್ರ ಅದು ಕನ್ನಡ. ತಂತ್ರಾಂಶದೊಳಗೆ ಹೋದಾಗ ಇಂಗ್ಲಿಷ್ ಅಕ್ಷರಗಳ ಅರ್ಥಹೀನ ಸಾಲಾಗುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಯುನಿಕೋಡ್‌ನಲ್ಲಿದ್ದರೂ ಎಕ್ಸೆಲ್‌ನ ಸಾಮಾನ್ಯ ಸಿಎಸ್‌ವಿ ಆಯ್ಕೆಯಲ್ಲಿ ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯನ್ನೇ ಬಳಸತಕ್ಕದ್ದು.

ಪದಗಳ ಏಕರೂಪತೆಯ ಬಗ್ಗೆ ಸಂಕ್ಷಿಪ್ತವಾಗಿ ಹೇಳುವುದಾದರೆ: ತಯಾರಕರ ಹೆಸರನ್ನು ಒಂದು ಸಾಲಿನಲ್ಲಿ ‘ಎಚ್‌ಪಿ’, ಇನ್ನೊಂದರಲ್ಲಿ ‘ಎಚ್‌ಪಿ ಇಂಕ್’, ಮತ್ತೊಂದರಲ್ಲಿ ‘ಹ್ಯೂಲೆಟ್ ಪ್ಯಾಕರ್ಡ್’ ಎಂದು ಬರೆದರೆ ಸ್ನೈಪ್-ಐಟಿ ಮೂರು ಕಂಪನಿಗಳನ್ನು ಸೃಷ್ಟಿಸುತ್ತದೆ. ಸ್ಥಳ, ವರ್ಗ, ಮಾದರಿಗಳಿಗೂ ಇದೇ ಅನ್ವಯಿಸುತ್ತದೆ. ಜಿಎಲ್‌ಪಿಐನಲ್ಲಿ ಇಂತಹ ಪರ್ಯಾಯ ರೂಪಗಳನ್ನು ಒಂದಕ್ಕೆ ಇಳಿಸುವ ನಿಘಂಟು ವ್ಯವಸ್ಥೆಯಿದೆ.

ಆಮದಿಗೆ ಮುನ್ನ ದತ್ತಾಂಶದ ಬ್ಯಾಕಪ್ ಪಡೆಯುವುದು ಕಡ್ಡಾಯವೆಂದೇ ಭಾವಿಸಬೇಕು, ಏಕೆಂದರೆ ಸ್ನೈಪ್-ಐಟಿಯಲ್ಲಿ ಏರಿಸಿದ ಆಮದನ್ನು ಒಂದೇ ಗುಂಡಿಯಿಂದ ಹಿಂಪಡೆಯುವ ಸೌಲಭ್ಯವಿಲ್ಲ. ಮೊದಲು ಐದು ಸಾಲುಗಳ ಕಡತ ಏರಿಸಿ, ಆ ಐದನ್ನೂ ಯಂತ್ರದ ಮುಂದೆ ನಿಂತು ನೋಡಿ, ಅನಂತರ ಉಳಿದದ್ದನ್ನು ಏರಿಸಿದರೆ ಸಾಕು.

ಯಾವ ಕಾಲಂಗೆ ಯಾರ ಮಾತು ಅಂತಿಮ

ಆಮದು ಮುಗಿದ ಮರುದಿನದಿಂದಲೇ ಪಟ್ಟಿಗೆ ಎರಡು ಮೂಲಗಳಿಂದ ಮಾಹಿತಿ ಬರತೊಡಗುತ್ತದೆ. ಒಂದೆಡೆ ಏಜೆಂಟ್ ಸಾಮಾನ್ಯವಾಗಿ ದಿನಕ್ಕೊಮ್ಮೆ ಯಂತ್ರದ ಸ್ಥಿತಿಯನ್ನು ಕಳುಹಿಸುತ್ತದೆ. ಇನ್ನೊಂದೆಡೆ ಕಚೇರಿಯಲ್ಲಿ ಆದೇಶ, ಬಿಲ್ಲು, ಹಸ್ತಾಂತರದ ಪತ್ರಗಳ ಮೇಲೆ ನಾವು ತಿದ್ದುತ್ತಿರುತ್ತೇವೆ. ಇವೆರಡೂ ಒಂದೇ ಕಾಲಂ ಅನ್ನು ಮುಟ್ಟಿದಾಗ ಘರ್ಷಣೆ.

ನನ್ನ ಅಭಿಪ್ರಾಯದಲ್ಲಿ ಹಂಚಿಕೆ ಹೀಗಿರಬೇಕು. ಯಂತ್ರದೊಳಗಿನ ವಿಷಯಗಳಾದ ಮೆಮೊರಿ, ಡಿಸ್ಕ್, ಆಪರೇಟಿಂಗ್ ಸಿಸ್ಟಂ, ಅಳವಡಿಸಿದ ತಂತ್ರಾಂಶಗಳು, ಇವುಗಳಲ್ಲಿ ಏಜೆಂಟಿನ ಮಾತೇ ಅಂತಿಮ, ಕೈಯಿಂದ ತಿದ್ದಕೂಡದು. 8 ಜಿಬಿ ಮೆಮೊರಿ ಇದ್ದ ಯಂತ್ರ ದುರಸ್ತಿಯಿಂದ ಮರಳಿದ ಬಳಿಕ 4 ಜಿಬಿ ಎಂದು ವರದಿ ಮಾಡಿದರೆ ಆ ಬದಲಾವಣೆಯೇ ನಮಗೆ ಬೇಕಾದ ಸುಳಿವು. ಅದನ್ನು ‘ಸರಿಪಡಿಸುವುದು’ ಸಾಕ್ಷ್ಯವನ್ನು ಅಳಿಸಿದಂತೆ. ಖರೀದಿ ದಿನಾಂಕ, ಮೊತ್ತ, ಅನುದಾನದ ಮೂಲ, ದಾಸ್ತಾನು ವಹಿಯ ಪುಟ ಸಂಖ್ಯೆ, ಇವುಗಳಲ್ಲಿ ವಹಿಯೇ ಮೂಲ. ಏಜೆಂಟಿಗೆ ಇವು ತಿಳಿಯುವುದೂ ಇಲ್ಲ. ಯಾರ ವಶದಲ್ಲಿದೆ ಎಂಬ ಕಾಲಂ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಯಂತ್ರಕ್ಕೆ ಯಾರು ಲಾಗಿನ್ ಆಗಿದ್ದಾರೆ ಎಂಬುದನ್ನು ಏಜೆಂಟ್ ಹೇಳಬಲ್ಲದು. ಆದರೆ ಲಾಗಿನ್ ಆದವರೆಲ್ಲ ವಶದಾರರಲ್ಲ. ಕರ ವಸೂಲಿಗಾರರು ಒಂದು ದಿನ ರಸೀದಿ ಮುದ್ರಿಸಿಕೊಂಡ ಮಾತ್ರಕ್ಕೆ ಯಂತ್ರದ ಹೊಣೆ ಅವರ ಹೆಸರಿಗೆ ಹೋಗುವುದು ನ್ಯಾಯವಲ್ಲ. ವಶದ ಕಾಲಂ ಬದಲಾಗಬೇಕಾದುದು ಸಹಿಯಿರುವ ಪತ್ರದ ಮೇಲೆ ಮಾತ್ರ.

ಜಿಎಲ್‌ಪಿಐ ಈ ಹಂಚಿಕೆಗೆ ಒಂದು ಉಪಕರಣ ಒದಗಿಸುತ್ತದೆ. ಏಜೆಂಟಿನಿಂದ ಬಂದ ಕಾಲಂ ಒಂದನ್ನು ಕೈಯಿಂದ ತಿದ್ದಿದರೆ ಆ ಕಾಲಂಗೆ ಬೀಗ ಬೀಳುತ್ತದೆ, ಮುಂದಿನ ವರದಿಗಳು ಅದನ್ನು ಅಳಿಸುವುದಿಲ್ಲ. ಇದು ಉಪಕಾರಿ, ಹಾಗೆಯೇ ಅಪಾಯಕಾರಿ. ಯಾರೋ ಒಮ್ಮೆ ತಿದ್ದಿದ ತಪ್ಪು ಮೌಲ್ಯ ಬೀಗದೊಳಗೆ ಭದ್ರವಾಗಿ ಕುಳಿತಿರುತ್ತದೆ, ಯಂತ್ರ ಪ್ರತಿದಿನ ಸರಿಯಾದುದನ್ನೇ ಹೇಳುತ್ತಿದ್ದರೂ ಪಟ್ಟಿ ಕೇಳುವುದಿಲ್ಲ. ಬೀಗ ಬಿದ್ದ ಕಾಲಂಗಳ ಪಟ್ಟಿಯನ್ನು ಆಗಾಗ ನೋಡಿ, ಕಾರಣವಿಲ್ಲದವನ್ನು ತೆರವುಗೊಳಿಸಬೇಕು.

ಏಜೆಂಟನ್ನು ಅಳವಡಿಸುವ ಮುನ್ನ ಆಪರೇಟರ್‌ಗಳಿಗೆ ಅದರ ಸ್ವರೂಪವನ್ನು ತಿಳಿಸುವುದು ನಮ್ಮ ಕರ್ತವ್ಯ. ಅದು ಯಂತ್ರಾಂಶ, ತಂತ್ರಾಂಶಗಳ ಪಟ್ಟಿ ಹಾಗೂ ಲಾಗಿನ್ ಹೆಸರನ್ನು ಓದುತ್ತದೆ. ದಾಖಲೆಗಳ ಒಳಗಿನ ಬರಹವನ್ನು ಓದುವುದಿಲ್ಲ. ಹೇಳದೆ ಅಳವಡಿಸಿದರೆ ಮೊದಲು ಹುಟ್ಟುವುದು ಅನುಮಾನ, ಎರಡನೆಯದಾಗಿ ಏಜೆಂಟ್ ಅನ್ನು ಯಾರೋ ತೆಗೆದುಹಾಕಿರುತ್ತಾರೆ.

ವರದಿ ಮಾಡದ ಯಂತ್ರ

ಮೂವತ್ತು ದಿನ ವರದಿ ಬಾರದ ಯಂತ್ರ ಕಳೆದುಹೋದ ಯಂತ್ರವಲ್ಲ. ವಿದ್ಯುತ್ ಸಮಸ್ಯೆ ಇರಬಹುದು, ಭಾರತ್‌ನೆಟ್ ಸಂಪರ್ಕ ಕಡಿತಗೊಂಡಿರಬಹುದು, ಯಂತ್ರ ಅಂಗಡಿಯಲ್ಲಿ ದುರಸ್ತಿಗೆ ಕುಳಿತಿರಬಹುದು. ಬಹುಕಾಲ ಸಂಪರ್ಕಕ್ಕೆ ಬಾರದ ಏಜೆಂಟ್‌ಗಳ ಬಗ್ಗೆ ಏನು ಮಾಡಬೇಕೆಂದು ಜಿಎಲ್‌ಪಿಐನಲ್ಲಿ ಮೊದಲೇ ನಿಗದಿಪಡಿಸಬಹುದು: ಏಜೆಂಟಿನ ದಾಖಲೆ ತೆಗೆದುಹಾಕುವುದು, ಅಥವಾ ಆಸ್ತಿಯ ಸ್ಥಿತಿಯನ್ನು ಬದಲಾಯಿಸುವುದು. ಸರ್ಕಾರಿ ಕಚೇರಿಗೆ ಎರಡನೆಯದೇ ತಕ್ಕುದು. ಸ್ಥಿತಿಯನ್ನು ‘ಪರಿಶೀಲನೆ ಬಾಕಿ’ ಎಂದು ಬದಲಿಸಿದರೆ ಸಾಲು ಉಳಿಯುತ್ತದೆ, ಪ್ರಶ್ನೆಯೂ ಉಳಿಯುತ್ತದೆ. ಆಸ್ತಿಯ ಸಾಲನ್ನು ಪಟ್ಟಿಯಿಂದ ಕಡಿತಗೊಳಿಸುವುದು ವಿಲೇವಾರಿ ಪೂರ್ಣಗೊಂಡ ಬಳಿಕ ಮಾತ್ರ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ನೋಂದಾಯಿತ ಮರುಬಳಕೆ ಘಟಕಗಳ ವ್ಯವಸ್ಥೆಯನ್ನು ಒಳಗೊಂಡಿರುವುದರಿಂದ, ಗುಜರಿಗೆ ಹಾಕಿದೆವು ಎಂಬ ಉತ್ತರ ಸಾಲದು. ಹಸ್ತಾಂತರದ ಪತ್ರದ ಸಂಖ್ಯೆಯೂ ಸಾಲಿನಲ್ಲಿರಲಿ.

ಅಂತರ್ಜಾಲ ಸಂಪರ್ಕ ನೆಚ್ಚುವಂತಿಲ್ಲದ ಪಂಚಾಯಿತಿಗಳಿಗೂ ದಾರಿಯಿದೆ. ಏಜೆಂಟ್ ತನ್ನ ವರದಿಯನ್ನು ಸರ್ವರ್‌ಗೆ ಕಳುಹಿಸುವ ಬದಲು ಯಂತ್ರದಲ್ಲಿಯೇ ಕಡತವಾಗಿ ಬರೆದಿಡಬಲ್ಲದು. ಆ ಕಡತವನ್ನು ಪೆನ್‌ಡ್ರೈವ್‌ನಲ್ಲಿ ತಾಲ್ಲೂಕು ಪಂಚಾಯಿತಿ ಸಭೆಗೆ ತಂದು ಜಿಎಲ್‌ಪಿಐನ ಇನ್ವೆಂಟರಿ ಪುಟದಲ್ಲಿ ಏರಿಸಿದರೆ ಏಜೆಂಟ್ ನೇರವಾಗಿ ಕಳುಹಿಸಿದಷ್ಟೇ ಫಲ. ಪೆನ್‌ಡ್ರೈವ್ ಅನ್ನು ವೈರಸ್ ತಪಾಸಣೆಗೆ ಒಳಪಡಿಸುವುದನ್ನು ಮರೆಯಬಾರದು. ಯುಪಿಎಸ್, ಬಯೋಮೆಟ್ರಿಕ್ ಸಾಧನ, ಯುಎಸ್‌ಬಿಯಿಂದ ಜೋಡಿಸಿದ ಪ್ರಿಂಟರ್‌ಗಳ ಸೀರಿಯಲ್ ಸಂಖ್ಯೆ, ಸ್ಥಳ ಮತ್ತು ಸ್ಥಿತಿಯನ್ನು ಏಜೆಂಟ್ ತಿಳಿಸುತ್ತದೆಂದು ನೆಚ್ಚಿ ಕೂರುವಂತಿಲ್ಲ. ‘ಸೆಟ್’ನ ಈ ಭಾಗಗಳು ಇಂದಿಗೂ ಕಣ್ಣಿನಿಂದ ನೋಡಿ ಕೈಯಿಂದ ಬರೆಯಬೇಕಾದವು.

ಸರಿಯಾದ ಪಟ್ಟಿಯಿದ್ದರೆ ಆಗುವ ತಕ್ಷಣದ ಉಪಯೋಗ ಒಂದನ್ನು ಹೇಳಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಮತ್ತು ನಿಗದಿತ ಪೀಳಿಗೆಯ ಪ್ರೊಸೆಸರ್ ಅಗತ್ಯ. ಯಾವ ಯಂತ್ರದಲ್ಲಿ ಯಾವ ಆಪರೇಟಿಂಗ್ ಸಿಸ್ಟಂ, ಯಾವ ಪ್ರೊಸೆಸರ್ ಇದೆ ಎಂಬುದು ಏಜೆಂಟಿನ ವರದಿಯಲ್ಲಿ ಸಿದ್ಧವಾಗಿರುತ್ತದೆ. ಕ್ರಿಯಾ ಯೋಜನೆಯಲ್ಲಿ ‘ಹೊಸ ಕಂಪ್ಯೂಟರ್ ಖರೀದಿ’ ಎಂದಷ್ಟೇ ಬರೆಯುವುದರ ಬದಲು, ಬದಲಾಯಿಸಲೇಬೇಕಾದ ಯಂತ್ರಗಳ ಆಸ್ತಿ ಸಂಖ್ಯೆಗಳನ್ನು ಕಾರಣಸಹಿತ ಸಭೆಯ ಮುಂದಿಡಬಹುದು.

ತಂತ್ರಾಂಶ ಬಂದಿತೆಂದು ದಾಸ್ತಾನು ವಹಿಯನ್ನು ಕೈಬಿಡುವಂತಿಲ್ಲ. ತಿಂಗಳಿಗೊಮ್ಮೆ ಪಟ್ಟಿಯ ಒಂದು ಪ್ರತಿ ಮುದ್ರಿಸಿ, ಯಂತ್ರಗಳ ಎದುರು ಗುರುತು ಹಾಕಿ, ವಶದಾರರ ಸಹಿ ಪಡೆದು, ವಹಿಯ ಸಂಬಂಧಪಟ್ಟ ಪುಟಕ್ಕೆ ಲಗತ್ತಿಸಬೇಕು. ಪ್ರತಿಯ ಮೇಲೆ ಮುದ್ರಣದ ದಿನಾಂಕದ ಜೊತೆಗೆ, ಕೊನೆಯ ಬಾರಿ ವರದಿ ಬಂದ ದಿನಾಂಕದ ಕಾಲಂ ಕೂಡ ಇರುವಂತೆ ವರದಿಯನ್ನು ರೂಪಿಸಿಕೊಳ್ಳತಕ್ಕದ್ದು.